ಹೆಣ್ಣು ತಿರುಗಿ ಕೆಟ್ಟಳೇ?

ಹತ್ತನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಗಾದೆ ವಿಸ್ತರಣೆ ಅಂತ ಒಂದು ಪ್ರಶ್ನೆ ಇರುತ್ತದಲ್ಲ, ಅದಕ್ಕೆ ಪದೇ ಪದೇ ಬರುವ ಗಾದೆ ‘ದೇಶ ಸುತ್ತು, ಕೋಶ ಓದು’. ನಾನು ಸಮಾಜ ವಿಜ್ಞಾನದ ಟೀಚರ್. ಆದರೂ ಕನ್ನಡದವರು ರಜೆ ಹಾಕಿದಾಗಲೆಲ್ಲ ಆ ಪೀರಿಯಡ್ ನನ್ನ ಕೊರಳಿಗೆ ಬೀಳುತ್ತಿತ್ತು, ನಾನು ಈ ಗಾದೆಯನ್ನೇ ಬರೆಸುತ್ತಿದ್ದೆ. ಹುಡುಗರಿಗಿಂತ ಹುಡುಗಿಯರೇ ಚೆನ್ನಾಗಿ ಬರೆಯುತ್ತಿದ್ದರು. ಬಾವಿಯೊಳಗಿನ ಕಪ್ಪೆ, ಅನುಭವವೇ ಗುರು, ಎಲ್ಲ ಸೇರಿಸಿ ದುಂಡಗಿನ ಅಕ್ಷರದಲ್ಲಿ ಅರ್ಧ ಪುಟ. ನಾನು ಕಣ್ಣು ಮುಚ್ಚಿಕೊಂಡು ಪೂರ್ತಿ ಅಂಕ ಕೊಡುತ್ತಿದ್ದೆ.

ಅದೇ ಹುಡುಗಿ ಮನೆಗೆ ಹೋದರೆ ಅಜ್ಜಿಯ ಬಾಯಲ್ಲಿ ಬೇರೆಯದೇ ಗಾದೆ. ‘ಹೆಣ್ಣು ತಿರುಗಿ ಕೆಟ್ಟಳು, ಗಂಡು ಕೂತು ಕೆಟ್ಟ.’ ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತೇವೆ. ಹಾಗಾದರೆ ಈ ಎರಡರಲ್ಲಿ ಸುಳ್ಳು ಯಾವುದು? ಮೂವತ್ತು ವರ್ಷ ಪಾಠ ಹೇಳಿದ ಮೇಲೂ ನಾನು ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ ಅಂದರೆ ನಗಬೇಡಿ, ನೀವೂ ಕೇಳಿಕೊಂಡಿರಲಾರಿರಿ. ನನಗೆ ಕೇಳಿಕೊಳ್ಳುವ ಹಾಗೆ ಮಾಡಿದ್ದು ಒಂದೇ ಒಂದು ದಿನದ ತಿರುಗಾಟ. ಅದನ್ನೇ ಹೇಳುತ್ತೇನೆ.

2009ರಲ್ಲಿ ನಾನು ಶಿವಮೊಗ್ಗದ ಖಾಸಗಿ ಶಾಲೆಯ ಕೆಲಸ ಬಿಟ್ಟು ಒಮಾನಿನ ಮಸ್ಕತ್‌ಗೆ ಹೋದೆ. ಅಲ್ಲಿ ನಮ್ಮ ದೇಶದ ಮಕ್ಕಳಿಗಾಗಿ ನಡೆಯುವ ಶಾಲೆಯೊಂದರಲ್ಲಿ ಕೆಲಸ. ಮನೆಯ ಸಾಲ ಇತ್ತು, ಮಗಳ ಇಂಜಿನಿಯರಿಂಗ್ ಇತ್ತು. ಯಜಮಾನರೇ ‘ನಾಲ್ಕೈದು ವರ್ಷ ಹೋಗಿ ಬಾ’ ಅಂದರು. ದುಡಿಯಲು ಹೆಣ್ಣು ಸಮುದ್ರ ದಾಟಿದರೆ ಯಾರೂ ಕೆಟ್ಟಳು ಅನ್ನುವುದಿಲ್ಲ. ಬೀಳ್ಕೊಡಲು ಓಣಿಯವರೆಲ್ಲ ಬಂದಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದವರು ಗಣಿತದ ಟೀಚರ್, ಕಾಸರಗೋಡಿನವರು. ಮನೆಮಾತು ಕನ್ನಡ, ಮಲಯಾಳವೂ ಸಲೀಸು. ನನಗಿಂತ ಆರು ವರ್ಷ ಚಿಕ್ಕವರು. ಗಂಡ, ಅತ್ತೆ, ಇಬ್ಬರು ಮಕ್ಕಳು ಊರಿನಲ್ಲಿ. ಮಕ್ಕಳ ಉತ್ತರಪತ್ರಿಕೆಯಲ್ಲಿ ಅರ್ಧ ಅಂಕ ಹೆಚ್ಚು ಬಿದ್ದರೂ ಮತ್ತೆ ತೆಗೆದು ತಿದ್ದುವಷ್ಟು ಕರಾರುವಾಕ್ಕು ಮನುಷ್ಯರು. ಮೂರು ವರ್ಷ ನಾವಿಬ್ಬರೂ ಕಂಡ ಒಮಾನ್ ಎಂದರೆ ಶಾಲೆ, ಶಾಲೆಯ ಬಸ್ಸು, ತರಕಾರಿ ಅಂಗಡಿ, ರೂವಿಯ ಚಿನ್ನದಂಗಡಿ, ಇಷ್ಟೆ. ನಮ್ಮ ಶಾಲೆಯ ಗಂಡಸು ಮೇಷ್ಟ್ರುಗಳು ರಜೆ ಬಂತೆಂದರೆ ನಾಲ್ಕು ಜನ ಸೇರಿ ಕಾರು ಮಾಡಿಕೊಂಡು ಜಬಲ್ ಶಮ್ಸ್ ಬೆಟ್ಟಕ್ಕೆ, ಸೂರ್ ಊರಿನ ಸಮುದ್ರಕ್ಕೆ ಹೋಗಿ ಬರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಫೋಟೋ ತೋರಿಸುತ್ತಿದ್ದರು. ನಾವು ‘ಚೆನ್ನಾಗಿದೆ ಸಾರ್’ ಅಂದು ನೋಟ್ಸ್ ತಿದ್ದಲು ಕೂರುತ್ತಿದ್ದೆವು.

2012ರ ಜನವರಿಯ ಒಂದು ಗುರುವಾರ ನಾವಿಬ್ಬರು ನಿಜ್ವಾ ನೋಡಲು ಹೊರಟೆವು. ಆಗ ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. 2013ರ ಮೇ ತಿಂಗಳಿಂದ ಶುಕ್ರವಾರ, ಶನಿವಾರ ಆಯಿತು. ಬುಧವಾರ ರಾತ್ರಿ ನಾನು ಚಪಾತಿ ಲಟ್ಟಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಟೀಚರ್ ಊರಿಗೆ ಫೋನು ಮಾಡುತ್ತಿದ್ದದ್ದು ಕಿವಿಗೆ ಬಿತ್ತು. “ನಾಳೆ ಹಗಲಿಗೆ ಫೋನು ಮಾಡುವುದು ಬೇಡ ಅತ್ತೆ. ಸ್ಪೆಷಲ್ ಕ್ಲಾಸ್ ಉಂಟು. ಸಂಜೆ ಆರಕ್ಕೆ ಮನೆಯಲ್ಲೇ ಇರ್ತೇನೆ.”

ಅರ್ಧ ಅಂಕಕ್ಕೆ ಸುಳ್ಳು ಹೇಳದ ಹೆಂಗಸು! ನಾನು ಏನೂ ಕೇಳಲಿಲ್ಲ. ಯಾಕೆಂದರೆ ನಾನೂ ಮನೆಗೆ ಹೇಳಿರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ ಅಷ್ಟೆ, ಸುಮ್ಮನಿದ್ದೆ.

ಬೆಳಿಗ್ಗೆ ರೂವಿಯಿಂದ ಬಸ್ಸು. ನಿಜ್ವಾ ಎರಡು ಗಂಟೆಗೂ ಮೇಲಿನ ದಾರಿ. ಮಲೆನಾಡಿನವಳಿಗೆ ಆ ಬೆಟ್ಟಗಳನ್ನು ನೋಡಿದರೆ ಮೊದಲು ಕರುಳು ಚುರುಕ್ ಅನ್ನುತ್ತದೆ. ಒಂದು ಹುಲ್ಲುಕಡ್ಡಿ ಇಲ್ಲ. ಸುಟ್ಟ ಇಟ್ಟಿಗೆಯ ಬಣ್ಣ, ಬೂದಿಯ ಬಣ್ಣ. ನೋಡುತ್ತಾ ನೋಡುತ್ತಾ ಅದರಲ್ಲೇ ಎಷ್ಟು ಬಗೆ ಇದೆಯಲ್ಲ ಅನಿಸಲು ಶುರುವಾಗುತ್ತದೆ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿ ಖರ್ಜೂರದ ತೋಟಗಳ ಹಸಿರು ಪಟ್ಟಿ. ಟೀಚರ್ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದರು, ಶಾಲಾ ಪ್ರವಾಸದ ಮಕ್ಕಳ ಹಾಗೆ.

ನಿಜ್ವಾದ ಕೋಟೆಯ ಬುರುಜು ದುಂಡಗೆ, ದೈತ್ಯ ಡೋಲಿನ ಹಾಗಿದೆ. ಎತ್ತರ ಸುಮಾರು 30 ಮೀಟರು. 17ನೇ ಶತಮಾನದ ಮಧ್ಯದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು, ಹನ್ನೆರಡು ವರ್ಷ ಹಿಡಿಯಿತಂತೆ. ತೋಪಿನ ಏಟಿಗೆ ಅದುರದಿರಲಿ ಅಂತ ಬುರುಜಿನ ಕೆಳಭಾಗಕ್ಕೆ ಕಲ್ಲುಮಣ್ಣು ತುಂಬಿಬಿಟ್ಟಿದ್ದಾರೆ. ಮೇಲೆ ಹತ್ತುವ ಮೆಟ್ಟಿಲು ಸೊಟ್ಟಸೊಟ್ಟಾಗಿ ತಿರುಗುತ್ತದೆ, ತಿರುವಿಗೊಂದು ಬಾಗಿಲು, ಬಾಗಿಲಿನ ನೆತ್ತಿಯ ಮೇಲೊಂದು ಕಿಂಡಿ. ಶತ್ರು ಬಾಗಿಲು ಒಡೆಯುತ್ತ ನಿಂತಾಗ ಆ ಕಿಂಡಿಯಿಂದ ಕಾಯಿಸಿದ ಖರ್ಜೂರದ ಪಾಕ ಸುರಿಯುತ್ತಿದ್ದರು. ಪಾಕ ಎಲ್ಲಿಂದ? ಕೆಳಗೆ ಖರ್ಜೂರದ ಉಗ್ರಾಣ ಇದೆ. ನೆಲದ ತುಂಬ ಸಾಲು ಸಾಲು ಗೀರು. ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಕೆಳಗಿನ ಹಣ್ಣಿನ ರಸ ತಾನಾಗಿ ಇಳಿದು ಆ ಗೀರುಗಳಲ್ಲಿ ಹರಿದು ಒಂದು ಕಡೆ ಸೇರುತ್ತದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಪಾಕ ಕೈಗೆ ಸಿಡಿದರೆ ಹೇಗಿರುತ್ತದೆ ಅಂತ ನಮಗೆ ಯಾವ ಇತಿಹಾಸದ ಪುಸ್ತಕವೂ ಹೇಳಬೇಕಾಗಿಲ್ಲ.

ಬುರುಜಿನ ಮೇಲೆ ನಿಂತಾಗ ನನಗೆ ಒಂದು ವಿಷಯ ಹೊಳೆಯಿತು. ಈ ಸುಲ್ತಾನ್ ಬಿನ್ ಸೈಫನ ಕಾಲದಲ್ಲೇ ಅಲ್ಲವೇ, 1650ರಲ್ಲಿ, ಒಮಾನಿಗಳು ಮಸ್ಕತ್‌ನಿಂದ ಪೋರ್ಚುಗೀಸರನ್ನು ಓಡಿಸಿದ್ದು? 1650 ಅಂದರೆ ನಮ್ಮ ಕೆಳದಿಯ ಶಿವಪ್ಪ ನಾಯಕನ ಕಾಲ. ಅವನು ಆಳಿದ್ದು 1645ರಿಂದ 1660. ಅದೇ 1650ರ ದಶಕದಲ್ಲಿ ಅವನೂ ಹೊನ್ನಾವರ, ಬಸ್ರೂರು, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡ. ಒಂದೇ ಸಮುದ್ರದ ಎರಡು ದಡ, ಒಬ್ಬನೇ ಶತ್ರು! ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆ ನಮ್ಮ ಶಾಲೆಯಿಂದ ನಡೆದುಹೋಗುವ ದೂರ. ‘ಶಿಸ್ತಿನ ಶಿವಪ್ಪ ನಾಯಕ, ಕಂದಾಯ ಸುಧಾರಣೆ’ ಅಂತ ವರ್ಷ ವರ್ಷ ಬರೆಸಿದ್ದೆ. ಸಮುದ್ರದ ಆಚೆ ಕಡೆ ಏನಾಗುತ್ತಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಆಮೇಲೆ ಹುಡುಕಿ ಹುಡುಕಿ ಓದಿದೆ. ನಮ್ಮ ಕರಾವಳಿಯ ಅಕ್ಕಿ ಆ ಕಾಲಕ್ಕೇ ಹಡಗು ಹತ್ತಿ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ; ಮಂಗಳೂರಿನ ಅಕ್ಕಿ ಅಲ್ಲಿ ಮಾರಾಟಕ್ಕೆ, ಅಲ್ಲಿಂದ ರೇಷ್ಮೆಹುಳು ಕಳಿಸಿರೆಂದು ತನ್ನ ಕೋಠಿಯವರಿಗೆ ಬರೆಸಿದ್ದ. ನಾಲ್ಕು ಮೈಸೂರು ಯುದ್ಧಗಳ ಇಸವಿಗಳನ್ನು ಮಕ್ಕಳ ತಲೆಗೆ ತುಂಬಿದವಳು ನಾನು, ಈ ಅಕ್ಕಿಯ ಕಥೆ ಗೊತ್ತಿರಲಿಲ್ಲ. ದೇಶ ಸುತ್ತಿದ ಮೇಲೆಯೇ ನನಗೆ ಕೋಶ ತೆರೆದದ್ದು. ಗಾದೆಯಲ್ಲಿ ಯಾವುದು ಮೊದಲು ಬರುತ್ತದೆ ನೋಡಿ!

ಮಧ್ಯಾಹ್ನ ಒಂದು ಟ್ಯಾಕ್ಸಿ ಹಿಡಿದು ಊರಂಚಿನ ಫಲಜ್ ದಾರಿಸ್‌ಗೆ ಹೋದೆವು. ಫಲಜ್ ಅಂದರೆ ಅಲ್ಲಿಯ ನೀರಿನ ಕಾಲುವೆ. ಬೆಟ್ಟದ ಬುಡದಲ್ಲಿ ಎಲ್ಲೋ ನೆಲದಾಳದ ನೀರು ಹಿಡಿದು, ಸುರಂಗದಲ್ಲಿ ಹರಿಸಿ, ಊರಿನ ಹತ್ತಿರ ಹೊರಗೆ ಬಿಡುತ್ತಾರೆ. ಪಂಪಿಲ್ಲ, ಯಂತ್ರವಿಲ್ಲ, ಬರೀ ಇಳಿಜಾರು. ನೀರು ಮೊದಲು ಸಿಕ್ಕ ಆ ಬಾವಿಗೆ ಅರಬ್ಬಿಯಲ್ಲಿ ಫಲಜಿನ ತಾಯಿ ಅಂತಲೇ ಹೆಸರು. ಒಮಾನಿನಲ್ಲಿ ಇಂಥವು ಸುಮಾರು ಮೂರು ಸಾವಿರ ಇನ್ನೂ ಬಳಕೆಯಲ್ಲಿವೆಯೆಂದು ಲೆಕ್ಕ. 2006ರಲ್ಲಿ ಅವುಗಳಲ್ಲಿ ಐದನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ದಾರಿಸ್ ಅವುಗಳಲ್ಲೊಂದು.

ಟೀಚರ್ ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ, ಕಾಲುವೆಗೆ ಕಾಲು ಇಳಿಬಿಟ್ಟು ಕೂತರು. ಕೂತವರೇ ಕೂಗಿದರು. “ಟೀಚರೇ, ಇದು ನಮ್ಮ ಸುರಂಗ ಅಲ್ವಾ ಮಾರಾಯ್ರೆ!”

ಕಾಸರಗೋಡು, ದಕ್ಷಿಣ ಕನ್ನಡದ ಕಡೆಯವರಿಗೆ ಇದು ಗೊತ್ತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಸುರಂಗ ಕೊರೆಯುತ್ತಾರೆ. ಒಳಗೆ ಒಸರಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಅವರ ತವರಿನ ಅಡಿಕೆ ತೋಟ ಬದುಕಿದ್ದೇ ಅಂಥ ಒಂದು ಸುರಂಗದಿಂದ. “ಅಣ್ಣ ಮೊಂಬತ್ತಿ ಹಿಡ್ಕೊಂಡು ಒಳಗೆ ಹೋಗ್ತಿದ್ದ. ನಾನು ಹೋಗ್ತೇನೆ ಅಂದ್ರೆ ಅಪ್ಪ ಬಿಡ್ತಿರಲಿಲ್ಲ, ಹೆಣ್ಣುಮಕ್ಕಳಿಗೆ ಅಲ್ಲಿ ಎಂತ ಕೆಲಸ ಅಂತ. ನೀರು ತುಂಬಿ ತರುವುದು ಮಾತ್ರ ನಾವು” ಅಂದು ನಕ್ಕರು. ಆಮೇಲೆ ಲೆಕ್ಕಕ್ಕೆ ಇಳಿದರು. ಇಳಿಜಾರು ಜಾಸ್ತಿಯಾದರೆ ನೀರು ಕಾಲುವೆಯ ತಳವನ್ನೇ ಕೊರೆದುಬಿಡುತ್ತದೆ, ಕಡಿಮೆಯಾದರೆ ಹೂಳು ಕಟ್ಟುತ್ತದೆ. ನೆಲದಡಿಯಲ್ಲಿ, ಕತ್ತಲಲ್ಲಿ, ಆ ಕಾಲದವರು ಅದನ್ನು ಹೇಗೆ ಅಳೆದರು? ಟ್ಯಾಕ್ಸಿಯ ಚಾಲಕ ಒಬ್ಬ ಹಿರಿಯ ಒಮಾನಿ, ಹಿಂದಿ ಚೆನ್ನಾಗಿ ಬರುತ್ತಿತ್ತು. ನೀರು ಹಂಚುವ ಕ್ರಮ ಹೇಳಿದ. ಕುಡಿಯುವ ನೀರು ಎಲ್ಲಕ್ಕಿಂತ ಮೊದಲು, ಅದು ಎಲ್ಲರದ್ದು. ಆಮೇಲೆ ಸ್ನಾನದ ಜಾಗ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆಮೇಲೆ ತೋಟ. ತೋಟದ ನೀರಿಗೆ ಅರ್ಧ ಗಂಟೆಯ ಪಾಲು, ಅದಕ್ಕೆ ಅಥರ್ ಅನ್ನುತ್ತಾರೆ. ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಹೊತ್ತು ಅಳೆಯುತ್ತಿದ್ದರಂತೆ. “ದಿನಕ್ಕೆ ನಲವತ್ತೆಂಟು ಪಾಲು!” ಅಂದ ಟೀಚರ್ ಚೀಲದಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಬರೆದುಕೊಂಡರು. ಮುಂದಿನ ವಾರ ಏಳನೇ ತರಗತಿಯಲ್ಲಿ ಭಿನ್ನರಾಶಿ ಕಲಿಸಿದ್ದು ಅದೇ ಫಲಜಿನ ನೀರಿನಲ್ಲಿ. ಲೆಕ್ಕ ಅಂದರೆ ಹೆದರುತ್ತಿದ್ದ ಮಕ್ಕಳೂ ಕೈ ಎತ್ತಿದರು, ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ನಾವು ಟೀಚರುಗಳೆಂದು ತಿಳಿದು ಚಾಲಕನಿಗೆ ಮರ್ಯಾದೆ ಹೆಚ್ಚಿತು. 1970ಕ್ಕೆ ಮುಂಚೆ ಇಡೀ ಒಮಾನಿನಲ್ಲಿ ಸರ್ಕಾರದ್ದು ಮೂರೇ ಶಾಲೆ, ಮೂರೂ ಹುಡುಗರಿಗೆ. ‘ನನ್ನ ಅಕ್ಕನಿಗೆ ಓದು ಬರುವುದಿಲ್ಲ, ನನ್ನ ಮಗಳು ಮೇಡಂ ಆಗಿದ್ದಾಳೆ’ ಅಂದ. ಆಮೇಲೆ ಅವನೇ ಕೇಳಿದ. “ಜಬ್ರೀನ್ ಕೋಟೆ ನೋಡುವುದಿಲ್ಲವೇ? ಐವತ್ತು ಕಿಲೋಮೀಟರು. ಇಮಾಮನ ಅರಮನೆ. ಮೇಲಿನ ಅಂತಸ್ತಿನಲ್ಲಿ ಪಾಠ ಹೇಳುತ್ತಿದ್ದ ಕೋಣೆಗಳಿವೆ. ನೀವು ಟೀಚರುಗಳು, ನೋಡಲೇಬೇಕು.”

ನಾನು ಟೀಚರ್ ಮುಖ ನೋಡಿದೆ. ಅವರು ಗಡಿಯಾರ ನೋಡಿದರು. “ಆರು ಗಂಟೆಗೆ ಅತ್ತೆಯ ಫೋನು ಬರ್ತದೆ ಟೀಚರೇ.”

“ಮೊಬೈಲ್ ಇದೆಯಲ್ಲ?”

“ಬಸ್ಸಿನ ಸದ್ದು ಕೇಳಿದ್ರೆ?”

ನಾವು ಜಬ್ರೀನ್ ನೋಡಲಿಲ್ಲ. ಮೂರು ಗಂಟೆಯ ಮುಂಚೆಯೇ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಟೀಚರ್ ಗಡಿಯಾರ ನೋಡುತ್ತಲೇ ಇದ್ದರು, ಕಿಟಕಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಬಾಗಿಲು ತೆಗೆದು ಒಳಗೆ ಓಡಿದರು. ಫೋನು ಬಂತು. “ಹೂಂ ಅತ್ತೆ, ಕ್ಲಾಸ್ ಈಗ ಮುಗೀತು. ತುಂಬ ಆಯಾಸ.” ಆಮೇಲೆ ನನ್ನ ಹತ್ತಿರ ಬಂದು, “ನನ್ನ ಫೋಟೋ ಯಾರಿಗೂ ಕಳಿಸಬೇಡಿ ಆಯ್ತಾ” ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಟ್ಟು ಯಾರ ಮೇಲೆ ಅಂತಲೇ ತಿಳಿಯಲಿಲ್ಲ.

ಈಗ ಹೇಳಿ, ಈ ಹೆಂಗಸು ಮಾಡಿದ ತಪ್ಪೇನು?

ಖರ್ಚು ಅನ್ನುತ್ತೀರಾ? ಆ ದಿನ ನನ್ನ ಪಾಲಿಗೆ ಬಂದದ್ದು ಹತ್ತು ರಿಯಾಲ್, ಅಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಾವಿರದ ಮುನ್ನೂರು ರೂಪಾಯಿ. ಅದೇ ವರ್ಷ ಊರಿಗೆ ಬರುವಾಗ ನಮ್ಮ ನಾದಿನಿಗೆ ಎಂಟು ಗ್ರಾಂ ಚಿನ್ನ ತಂದೆ. ಅದಕ್ಕೆ ಯಾರೂ ಲೆಕ್ಕ ಕೇಳಲಿಲ್ಲ. ನಿಜ್ವಾಕ್ಕೆ ಹೋಗಿದ್ದೆ ಅಂದಾಗ ಮಾತ್ರ ಅದೇ ನಾದಿನಿ, “ಅತ್ತಿಗೆ, ದುಡಿಯೋಕೆ ಹೋದವರು ಊರು ಸುತ್ತೋಕೂ ಶುರು ಮಾಡಿದ್ರಾ?” ಅಂದಳು. ಚಿನ್ನ ತಂದರೆ ಉಳಿತಾಯ, ನಾಲ್ಕು ಊರು ನೋಡಿ ಬಂದರೆ ದುಂದು!

ಭಯ ಅನ್ನುತ್ತೀರಾ? ಹೆಂಗಸು ಒಬ್ಬಳೇ ವಿಮಾನ ಹತ್ತಿ, ಗುರುತು ಪರಿಚಯ ಇಲ್ಲದ ದೇಶದಲ್ಲಿ ವರ್ಷಗಟ್ಟಲೆ ಇದ್ದು ದುಡಿದು ಹಣ ಕಳಿಸುವಾಗ ಯಾರಿಗೂ ಆಗದ ಭಯ, ಅವಳು ಹಗಲು ಹೊತ್ತಿನಲ್ಲಿ ಬಸ್ಸಿನಲ್ಲಿ ಹೋಗಿ ಕೋಟೆ ನೋಡಿದರೆ ಆಗುತ್ತದೆಯೇ? ಓಣಿಯವರೆಲ್ಲ ಬೀಳ್ಕೊಡಲು ಬಂದಿದ್ದರು ಅಂದೆನಲ್ಲ. ಅವಳು ತಿರುಗುವುದರ ಬಗ್ಗೆ ಯಾರ ತಕರಾರೂ ಇಲ್ಲ. ತನ್ನ ಸಂತೋಷಕ್ಕಾಗಿ ತಿರುಗಬಾರದು, ಅಷ್ಟೇ.

‘ನಾವೂ ಕರೆದುಕೊಂಡು ಹೋಗುತ್ತೇವಲ್ಲ’ ಅನ್ನುವವರಿದ್ದಾರೆ. ಹೌದು, ಟೆಂಪೋ ಮಾಡಿಕೊಂಡು ಧರ್ಮಸ್ಥಳ, ಹೊರನಾಡು, ಶೃಂಗೇರಿ. ನಸುಕಿನ ಮೂರಕ್ಕೆ ಎದ್ದು ಇಪ್ಪತ್ತು ಜನಕ್ಕೆ ಚಿತ್ರಾನ್ನ ಕಲಸಿದವರು ಯಾರು? ದಾರಿಯಲ್ಲಿ ವಾಂತಿ ಮಾಡಿದ ಮಗುವಿನ ಬಟ್ಟೆ ಛತ್ರದ ನಲ್ಲಿಯಲ್ಲಿ ತೊಳೆದವರು ಯಾರು? ಶಾಲಾ ಪ್ರವಾಸವೂ ಇದೇ ಕಥೆ. ಮಕ್ಕಳನ್ನು ಕರೆದುಕೊಂಡು ನಾನು ನಾಲ್ಕು ಸಲ ಹಂಪಿಗೆ ಹೋಗಿದ್ದೇನೆ, ಹಂಪಿ ನೋಡಿಲ್ಲ. ನಾನು ನೋಡಿದ್ದು ನಲವತ್ತೆಂಟು ತಲೆಗಳನ್ನು, ಎಣಿಸಿದ್ದನ್ನೇ ಎಣಿಸುತ್ತ. ಗಂಡಸು ಮೇಷ್ಟ್ರು ಗೈಡ್ ಹತ್ತಿರ ನಿಂತು ಕಲ್ಲಿನ ರಥದ ಬಗ್ಗೆ ಕೇಳುತ್ತಿದ್ದರು. ನಾನು ಹುಡುಗಿಯರಿಗೆ ಶೌಚಾಲಯ ಹುಡುಕುತ್ತಿದ್ದೆ.

ಎಲ್ಲವನ್ನೂ ಬೇರೆಯವರ ಮೇಲೆ ಹೊರಿಸಿದರೆ ನಾನು ಸುಳ್ಳುಗಾತಿಯಾಗುತ್ತೇನೆ. ಮಸ್ಕತ್‌ಗೆ ಹೋಗುವ ಮುಂಚೆ ನಮ್ಮ ಶಾಲೆಗೆ ವಿಜ್ಞಾನದ ಟೀಚರ್ ಒಬ್ಬಳು ಬಂದಿದ್ದಳು, ಚಿಕ್ಕ ಹುಡುಗಿ. ಒಂದು ಭಾನುವಾರ ಗೆಳತಿಯ ಜೊತೆ ಆಗುಂಬೆಯ ಸೂರ್ಯಾಸ್ತ ನೋಡಿ ಬಂದು, ಸೋಮವಾರ ಸ್ಟಾಫ್ ರೂಮಿನಲ್ಲಿ ಸಂಭ್ರಮದಿಂದ ಹೇಳಿದಳು. “ಮದುವೆಯಾಗಿ ಮಗುವಿದೆ, ಇನ್ನೂ ಸುತ್ತೋ ಚಪಲ ಹೋಗಿಲ್ಲ ನೋಡು ಇವಳಿಗೆ” ಅಂದವಳು ನಾನೇ. ಅವಳಿಗೆ ಕೇಳಿಸಿತು. ಆಮೇಲೆ ಎಲ್ಲಿಗೆ ಹೋದರೂ ಅವಳು ನಮಗೆ ಹೇಳಲಿಲ್ಲ. ಸ್ಪೆಷಲ್ ಕ್ಲಾಸಿನ ಸುಳ್ಳನ್ನು ಹುಟ್ಟಿಸುವವರು ಅತ್ತೆಯಂದಿರು ಮಾತ್ರ ಅಲ್ಲ. ನಾವು, ಓದಿದವರು, ಬಿ.ಎಡ್. ಮಾಡಿದವರು, ನಾವೇ.

2014ರಲ್ಲಿ ಇಬ್ಬರೂ ಊರಿಗೆ ಮರಳಿದೆವು. ಒಮ್ಮೆ ಫೋನಿನಲ್ಲಿ ಟೀಚರ್ ಹೇಳಿದರು, ಆ ದಿನದ ಗುಟ್ಟನ್ನು ಗಂಡನ ಹತ್ತಿರ ಬಿಟ್ಟುಕೊಟ್ಟರಂತೆ. ಅವರು ಜೋರಾಗಿ ನಕ್ಕು, “ನಾನೇನು ಬೇಡ ಅಂತಿದ್ನಾ?” ಅಂದರಂತೆ. ಒಳ್ಳೆಯ ಮನುಷ್ಯರು, ನಿಜಕ್ಕೂ ಬೇಡ ಅನ್ನುತ್ತಿರಲಿಲ್ಲ. ಆದರೆ ಆ ಮಾತನ್ನು ಇನ್ನೊಮ್ಮೆ ಕೇಳಿ ನೋಡಿ. ಬೇಕು, ಬೇಡ ಎರಡೂ ಅವರ ಬಾಯಲ್ಲೇ ಇದೆ. ಅವರು ಬೇಡ ಅನ್ನದಿದ್ದರೂ, ಕೇಳಬೇಕಾದವಳು ಇವಳು. ಯಾವ ಗಂಡಸು ಜಬಲ್ ಶಮ್ಸ್‌ಗೆ ಹೋಗುವ ಮುಂಚೆ ಅತ್ತೆಗೆ ಫೋನು ಮಾಡಿದ?

ಈ ಹಳೆಯ ಕಥೆಯನ್ನು ಈಗ ಯಾಕೆ ತೆಗೆದೆ ಅಂದರೆ, 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾಯಿತಲ್ಲ, ಆಗ ಕೇಳಿದ ಮಾತುಗಳು ಇನ್ನೂ ಕಿವಿಯಲ್ಲಿವೆ. ‘ಬಸ್ ಫ್ರೀ ಅಂತ ಹೆಂಗಸರೆಲ್ಲ ಊರು ಸುತ್ತೋಕೆ ಹೊರಟರು’, ‘ಮನೆಯಲ್ಲಿ ಅಡುಗೆ ಮಾಡುವವರಿಲ್ಲ’. ಮೊಬೈಲಿನಲ್ಲಿ ಅದೇ ನಗೆಚಾಟಿಕೆ. ಯೋಜನೆ ಸರಿಯೋ ತಪ್ಪೋ, ಬೊಕ್ಕಸಕ್ಕೆ ಭಾರವೋ ಅಲ್ಲವೋ, ಆ ವಾದ ಬೇರೆ, ಅದನ್ನು ಮಾಡುವವರು ಮಾಡಲಿ. ನನ್ನ ಪ್ರಶ್ನೆ ಆ ನಗುವಿನ ಬಗ್ಗೆ. ಅರವತ್ತು ವರ್ಷ ಒಲೆಯ ಮುಂದೆ ಕೂತ ಹೆಂಗಸು ಜೀವನದಲ್ಲಿ ಮೊದಲ ಸಲ ಪಕ್ಕದ ಮನೆಯವಳ ಜೊತೆ ಜೋಗ ನೋಡಲು ಹೋದರೆ ಅದರಲ್ಲಿ ನಗುವಂಥದ್ದು ಏನಿದೆ? ಆ ನಗೆಚಾಟಿಕೆಯನ್ನು ನನಗೆ ಕಳಿಸಿದವರಲ್ಲಿ ನನ್ನ ಮೂವರು ಸಹೋದ್ಯೋಗಿಗಳೂ ಇದ್ದರು. ಮೂವರೂ ಹೆಂಗಸರು.

ನಾನು ದೊಡ್ಡ ಕ್ರಾಂತಿಯನ್ನೇನೂ ಕೇಳುತ್ತಿಲ್ಲ. ಮನೆ ಬಿಡಿ, ಮಕ್ಕಳನ್ನು ಬಿಡಿ ಅನ್ನುತ್ತಿಲ್ಲ. ವರ್ಷಕ್ಕೆ ಒಂದು ದಿನ. ಡಬ್ಬಿಯಲ್ಲಿ ನಾಲ್ಕು ಚಪಾತಿ, ಜೊತೆಗೊಬ್ಬ ಗೆಳತಿ. ಹೋಗುವ ಮುಂಚೆ ‘ನಾಳೆ ನಾನು ಇಂಥಲ್ಲಿಗೆ ಹೋಗುತ್ತೇನೆ, ಸಂಜೆ ತಡವಾಗುತ್ತದೆ’ ಅಂತ ಹೇಳಿ ಹೋಗಿ. ‘ಹೋಗಲಾ?’ ಅಂತ ಕೇಳಬೇಡಿ, ಹೇಳಿ. ಅದು ಸುಲಭ ಅಲ್ಲ ಅಂತ ನನಗೆ ಗೊತ್ತು. ಮೊದಲ ಸಲ ಹೇಳಿದಾಗ ನನ್ನ ಧ್ವನಿಯೂ ನಡುಗಿತ್ತು. ಮತ್ತು ಬೇರೆ ಹೆಂಗಸು ಹೋಗಿಬಂದು ಸಂಭ್ರಮದಿಂದ ಹೇಳಲು ಬಂದಾಗ, ದಯವಿಟ್ಟು ನಾನು ಆ ವಿಜ್ಞಾನದ ಹುಡುಗಿಗೆ ಮಾಡಿದ್ದನ್ನು ಮಾಡಬೇಡಿ. ಕೂತು ಕೇಳಿ, ಏನು ನೋಡಿದೆ ಅಂತ ಕೇಳಿ.

ಗಾದೆ ವಿಸ್ತರಣೆಯನ್ನು ನಾನು ಈಗಲೂ ಬರೆಸುತ್ತೇನೆ. ಕಳೆದ ಸಲ ಎರಡು ಗಾದೆಗಳನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಯಾವುದು ಸರಿ, ಕಾರಣ ಕೊಡಿ ಅಂದೆ. ತರಗತಿ ಒಂದು ಗಳಿಗೆ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಎರಡನೇದನ್ನ ಅಳಿಸಬಹುದಾ?” ಅಂದಳು. ನಾನು ಡಸ್ಟರನ್ನು ಅವಳ ಕೈಗೇ ಕೊಟ್ಟೆ.

ಜಬ್ರೀನ್ ಇನ್ನೂ ನೋಡಿಲ್ಲ. ಕಾಸರಗೋಡಿನ ಟೀಚರಿಗೂ ಅದೇ ಕೊರಗು. ದುಡ್ಡು ಕೂಡಿಡುತ್ತಿದ್ದೇವೆ. ಈ ಸಲ ಹೊರಡುವಾಗ ಸ್ಪೆಷಲ್ ಕ್ಲಾಸ್ ಇರುವುದಿಲ್ಲ.